ಪೆನ್ಸಿಲ್ ಸೆಲ್ ಚಾರ್ಜರ್: ಯಾವುದು ತಗೊಳ್ಳಬೇಕು, ಹೇಗೆ ಬಳಸಬೇಕು

"ಚಾರ್ಜ್ ಮಾಡೋ ಸೆಲ್ ತಗೊಂಡೆ, ಆರೇ ತಿಂಗಳಲ್ಲಿ ಸತ್ತು ಹೋದವು. ಇವೆಲ್ಲ ಸುಮ್ನೆ ದುಡ್ಡು ದಂಡ ಅಲ್ವಾ?" ಈ ಪ್ರಶ್ನೆಯನ್ನು ಹುಬ್ಬಳ್ಳಿಯಲ್ಲಿ ಕೇಳಿದ್ದೇನೆ, ಧಾರವಾಡದಲ್ಲಿ ಕೇಳಿದ್ದೇನೆ, ಗದಗಿನ ನೆಂಟರ ಮನೆಯಲ್ಲೂ ಕೇಳಿದ್ದೇನೆ. ನಾನು ತಿರುಗಿ ಕೇಳುವುದು ಒಂದೇ: ಚಾರ್ಜರ್ ಯಾವುದು? ಬಹಳ ಸಲ ಸಿಗುವ ಉತ್ತರ, "ಅದಾ, ಸೆಲ್ ಜೊತೆ ಪುಕ್ಕಟೆ ಬಂತು." ಹಾಗಿದ್ದರೆ ಆ ಸೆಲ್‌ಗಳನ್ನು ಕೊಂದದ್ದು ಆ ಚಾರ್ಜರೇ ಇರಬೇಕು. ಒಳ್ಳೆಯ ಸೆಲ್ಲು ಸರಿಯಾದ ಚಾರ್ಜರ್‌ನಲ್ಲಿ ನೂರಾರು ಸಲ ತುಂಬಿ ಖಾಲಿಯಾಗುತ್ತದೆ, ಅದೇ ಸೆಲ್ಲನ್ನು ಕೆಟ್ಟ ಚಾರ್ಜರ್ ಒಂದೇ ಬೇಸಿಗೆಯಲ್ಲಿ ಮುಗಿಸಿಬಿಡುತ್ತದೆ. ಅದಕ್ಕೇ ನಿಮ್ಮ ಹತ್ತಿರ ಇರುವ ದುಡ್ಡಿನಲ್ಲಿ ಮೊದಲು ಚಾರ್ಜರ್‌ಗೆ ಅಂತ ತೆಗೆದಿಡಿ, ಉಳಿದದ್ದರಲ್ಲಿ ಸೆಲ್ ತಗೊಳ್ಳಿ.

ಶುರು ಮಾಡುವ ಮೊದಲು ಒಂದು ಮಾತು. ನಮ್ಮ ಕಡೆ ಹಳ್ಳಿಗಳಲ್ಲಿ ಬ್ಯಾಟರಿ ಅಂದರೆ ಟಾರ್ಚ್. ಗೊಂದಲ ಬೇಡ ಅಂತ ನಾನು ಒಳಗೆ ಹಾಕುವುದನ್ನು ಸೆಲ್ ಅಂತಲೇ ಕರೆಯುತ್ತೇನೆ.

ಬೇಕಾಗುವ ಸಾಮಾನು ಇಷ್ಟೇ. ನಾಲ್ಕು ಚಾರ್ಜ್ ಆಗುವ ಸೆಲ್, ಒಂದು ಚಾರ್ಜರ್, ಮನೆಯಲ್ಲಿ ಬಿದ್ದಿರುವ ಹಳೆಯ ಫೋನ್ ಅಡಾಪ್ಟರ್ (5 ವೋಲ್ಟ್, 2 ಆಂಪಿಯರ್ ಅಂತ ಬರೆದಿರಬೇಕು), ಅಳಿಸಿ ಹೋಗದ ಮಾರ್ಕರ್ ಪೆನ್ನು, ಸೆಲ್ ಇಡಲು ಒಂದು ಪ್ಲಾಸ್ಟಿಕ್ ಡಬ್ಬಿ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

1. ಕೈಯಲ್ಲಿರುವ ಸೆಲ್ ಯಾವುದು ಅಂತ ಓದಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಪೆನ್ಸಿಲ್ ಸೆಲ್ ಆಕಾರದಲ್ಲಿ ಕನಿಷ್ಠ ಐದು ಥರದ ಸೆಲ್ ಬರುತ್ತವೆ. ನೋಡಲು ಒಂದೇ ಥರ, ಒಳಗಿನ ಮಸಾಲೆ ಬೇರೆ ಬೇರೆ. ಗಾತ್ರದಲ್ಲಿ ದಪ್ಪಗಿನದು ಎಎ, ಸಣ್ಣದು ಎಎಎ. ಆದರೆ ಗಾತ್ರ ಗೊತ್ತಾದರೆ ಸಾಲದು, ಮೈಮೇಲಿನ ಸಣ್ಣ ಅಕ್ಷರ ಓದಬೇಕು.

ಜಿಂಕ್ ಕಾರ್ಬನ್, ಹೆವಿ ಡ್ಯೂಟಿ ಅಥವಾ ಆಲ್ಕಲೈನ್ ಅಂತ ಬರೆದು ಜೊತೆಗೆ 1.5 ವೋಲ್ಟ್ ಅಂತ ಇದ್ದರೆ ಅದು ಒಂದೇ ಸಲ ಬಳಸುವ ಸೆಲ್. ಕಿರಾಣಿ ಅಂಗಡಿಯಲ್ಲಿ ಸಿಗುವುದು ಇದೇ. ಇದನ್ನು ಯಾವ ಚಾರ್ಜರ್‌ಗೂ ಹಾಕಬೇಡಿ. ಸೋರುತ್ತದೆ, ಒಳಗೆ ಗಾಳಿ ತುಂಬಿ ಸೀಳಲೂಬಹುದು. "ಹತ್ತು ನಿಮಿಷ ಹಾಕಿದರೆ ಸ್ವಲ್ಪ ಜೀವ ಬರುತ್ತದೆ" ಅನ್ನುವ ಸಲಹೆ ಊರೆಲ್ಲ ಓಡಾಡುತ್ತಿದೆ, ದಯವಿಟ್ಟು ಅದನ್ನು ಕೇಳಬೇಡಿ.

ನಿಕಲ್ ಮೆಟಲ್ ಹೈಡ್ರೈಡ್, 1.2 ವೋಲ್ಟ್ ಅಂತ ಇದ್ದರೆ ಅದೇ ನಮಗೆ ಬೇಕಾದ ಸೆಲ್. ಚಿಕ್ಕದಾಗಿ ಎನ್‌ಐ-ಎಂಎಚ್ ಅಂತ ಬರೆದಿರುತ್ತಾರೆ, ನಾನು ನಿಕಲ್ ಸೆಲ್ ಅನ್ನುತ್ತೇನೆ. ಇನ್ನು ನಿಕಲ್ ಕ್ಯಾಡ್ಮಿಯಂ ಅನ್ನುವುದು ಇದರ ಅಣ್ಣ, ಹಳೆಯ ಕಾಲದ್ದು. ಕ್ಯಾಡ್ಮಿಯಂ ವಿಷ. ಹಳೆಯದು ಮನೆಯಲ್ಲಿದ್ದರೆ ಬಳಸಿ ಮುಗಿಸಿ, ಹೊಸದಾಗಿ ತರಬೇಡಿ.

ಜಾಸ್ತಿ ಎಚ್ಚರ ಬೇಕಾದದ್ದು ಮುಂದಿನ ಎರಡಕ್ಕೆ. ಒಂದು, 14500 ಅಂತ ನಂಬರ್ ಇರುವ ಲಿಥಿಯಂ ಅಯಾನ್ ಸೆಲ್. ಮೊದಲ ಎರಡು ಅಂಕಿ ಅಂದರೆ 14 ಮಿಲಿಮೀಟರ್ ದಪ್ಪ, ಮುಂದಿನ ಎರಡು ಅಂದರೆ 50 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅಂದರೆ ಉರುಟು ಆಕಾರ. ಅಂದರೆ ಥೇಟ್ ಎಎ ಗಾತ್ರ! ಆದರೆ ವೋಲ್ಟ್ 3.7. ಇದನ್ನು ಮಗುವಿನ ಆಟಿಕೆಗೆ ಹಾಕಿದರೆ ಆಟಿಕೆ ಸುಡುತ್ತದೆ. ಇನ್ನೊಂದು, 1.5 ವೋಲ್ಟ್ ಅಂತಲೇ ಬರೆದಿರುವ, ಮೈಮೇಲೇ ಯುಎಸ್‌ಬಿ ತೂತು ಇರುವ ಲಿಥಿಯಂ ಸೆಲ್. ಇದರ ಒಳಗೆ ಒಂದು ಸಣ್ಣ ಸರ್ಕ್ಯೂಟ್ ಕೂತು ಲಿಥಿಯಂನ ವೋಲ್ಟನ್ನು 1.5ಕ್ಕೆ ಇಳಿಸಿ ಕೊಡುತ್ತದೆ. ಇದು ಕೆಟ್ಟ ಸೆಲ್ ಅಲ್ಲ, ಆದರೆ ಅದರದೇ ತೂತಿಗೆ ವೈರ್ ಚುಚ್ಚಿ ಚಾರ್ಜ್ ಮಾಡಬೇಕು. ನಿಕಲ್ ಸೆಲ್‌ನ ಚಾರ್ಜರ್‌ಗೆ ಹಾಕಲೇಬಾರದು.

2. ಯಾವ ಸಾಮಾನಿಗೆ ಚಾರ್ಜ್ ಸೆಲ್ ಬೇಕು ಅಂತ ನೋಡಿ

ಎಲ್ಲದಕ್ಕೂ ಬೇಡ. ಗೋಡೆ ಗಡಿಯಾರ ಕರೆಂಟ್ ತಿನ್ನುವುದೇ ಇಲ್ಲ ಅನ್ನುವಷ್ಟು ಕಡಿಮೆ, ಸಾದಾ ಸೆಲ್, ಅಂದರೆ ಒಂದೇ ಸಲ ಬಳಸುವುದು, ಒಂದು ವರ್ಷ ಆರಾಮಾಗಿ ಓಡುತ್ತದೆ. ಟಿವಿ ರಿಮೋಟ್ ಕೂಡ ಹಾಗೇ. ಅಲ್ಲಿ ಚಾರ್ಜ್ ಸೆಲ್ ಹಾಕಿದರೆ ತಪ್ಪೇನಿಲ್ಲ, ಲಾಭವೂ ಇಲ್ಲ.

ಓಡುವ ಕಾರು, ಟಾರ್ಚ್, ವೈರ್ ಇಲ್ಲದ ಮೌಸ್, ಆಟದ ಕಂಟ್ರೋಲರ್, ಟ್ರಿಮ್ಮರ್, ಫೋಟೋಗ್ರಾಫರ್‌ಗಳ ಫ್ಲ್ಯಾಶ್, ಕಾರ್ಡ್‌ಲೆಸ್ ಮೈಕ್, ಇಲ್ಲಿ ಚಾರ್ಜ್ ಸೆಲ್ ನಿಜವಾಗಿ ದುಡ್ಡು ಉಳಿಸುತ್ತದೆ. ಮದುವೆ ಸೀಸನ್‌ನಲ್ಲಿ ಫ್ಲ್ಯಾಶ್ ಹಿಡಿದು ಓಡಾಡುವವರನ್ನು ಕೇಳಿ, ನಿಕಲ್ ಸೆಲ್ಲಿನ ಒಳಗೆ ಕರೆಂಟಿಗೆ ಅಡ್ಡಿ ಕಡಿಮೆ ಇರುವುದರಿಂದ ಫ್ಲ್ಯಾಶ್ ಬೇಗ ಬೇಗ ತಯಾರಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಬಿಪಿ ನೋಡುವ ಮಿಷನ್ ಬಗ್ಗೆ ಬಹಳ ಜನ ಕೇಳುತ್ತಾರೆ. ನಾಲ್ಕು ಸಾದಾ ಸೆಲ್ ಸೇರಿದರೆ 6 ವೋಲ್ಟ್, ನಾಲ್ಕು ನಿಕಲ್ ಸೆಲ್ ಸೇರಿದರೆ 4.8. ಕೆಲವು ಮಿಷನ್‌ಗಳು ಇಷ್ಟಕ್ಕೇ "ಸೆಲ್ ಮುಗಿದಿದೆ" ಅಂತ ತೋರಿಸುತ್ತವೆ. ಜೊತೆಗೆ ಬಂದ ಪುಸ್ತಕದಲ್ಲಿ ಚಾರ್ಜ್ ಸೆಲ್ ಹಾಕಬಹುದು ಅಂತ ಇದ್ದರೆ ಮಾತ್ರ ಹಾಕಿ. ಇಲ್ಲದಿದ್ದರೆ ಆಲ್ಕಲೈನ್ ಹಾಕಿ. ಆರೋಗ್ಯದ ವಿಷಯದಲ್ಲಿ ನಾಲ್ಕು ಕಾಸು ಉಳಿಸಲು ಹೋಗಬೇಡಿ.

3. ಸೆಲ್ ಆರಿಸಿ, ಆದರೆ ದೊಡ್ಡ ನಂಬರ್‌ಗೆ ಮರುಳಾಗಬೇಡಿ

ಸೆಲ್ ಮೇಲೆ ಎಂಎಎಚ್ ಅಂತ ಒಂದು ಅಳತೆ ಇರುತ್ತದೆ. ಮಿಲಿ ಆಂಪಿಯರ್ ಅವರ್. ಕೊಡದಲ್ಲಿ ಎಷ್ಟು ನೀರು ಹಿಡಿಯುತ್ತದೆ ಅನ್ನುವ ಥರದ ಅಳತೆ ಇದು. ಒಳ್ಳೆಯ ಎಎ ಸೆಲ್‌ನಲ್ಲಿ ಸುಮಾರು 2000, ಎಎಎನಲ್ಲಿ ಸುಮಾರು 800 ಇರುತ್ತದೆ. ಜಾಸ್ತಿ ಹಿಡಿಯುವ ಎಎ ಸೆಲ್ 2500ರ ಆಸುಪಾಸು ಬರುತ್ತದೆ. 3000ಕ್ಕಿಂತ ಮೇಲೆ ಬರೆದಿದ್ದರೆ ಆ ಸೆಲ್ ಕೆಳಗಿಟ್ಟು ಮುಂದೆ ಹೋಗಿ, ಅಷ್ಟು ಆ ಗಾತ್ರದ ನಿಕಲ್ ಸೆಲ್‌ನಲ್ಲಿ ಹಿಡಿಯುವುದಿಲ್ಲ. ತೂಕವೂ ಸುಳ್ಳು ಹೇಳುವುದಿಲ್ಲ. ಅಸಲಿ ಎಎ ನಿಕಲ್ ಸೆಲ್ 25ರಿಂದ 30 ಗ್ರಾಂ ತೂಗುತ್ತದೆ, ಕೈಗೆ ಭಾರ ಅನ್ನಿಸುತ್ತದೆ.

ನಿಕಲ್ ಸೆಲ್‌ನಲ್ಲೇ ಎರಡು ಜಾತಿ. ಸಾದಾ ನಿಕಲ್ ಸೆಲ್ ಸುಮ್ನೆ ಇಟ್ಟರೂ ತಾನೇ ಖಾಲಿಯಾಗುತ್ತಾ ಹೋಗುತ್ತದೆ, ಕೆಲವು ತಿಂಗಳು ಬಿಟ್ಟು ತೆಗೆದರೆ ಏನೂ ಉಳಿದಿರುವುದಿಲ್ಲ. ಇನ್ನೊಂದು ಜಾತಿ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತದೆ. 2005ರಲ್ಲಿ ಸ್ಯಾನ್ಯೋ ಕಂಪನಿ ಎನೆಲೂಪ್ ಅಂತ ಇಂಥ ಸೆಲ್ ತಂದಿತು, ಈಗ ಅದು ಪ್ಯಾನಸಾನಿಕ್ ಹೆಸರಲ್ಲಿ ಬರುತ್ತದೆ. ಬೇರೆ ಕಂಪನಿಗಳೂ ಇಂಥವನ್ನು ಮಾಡುತ್ತವೆ. ಪ್ಯಾಕೆಟ್ ಮೇಲೆ ಲೋ ಸೆಲ್ಫ್ ಡಿಸ್ಚಾರ್ಜ್, ರೆಡಿ ಟು ಯೂಸ್ ಅಥವಾ ಪ್ರೀ ಚಾರ್ಜ್‌ಡ್ ಅಂತ ಇರುತ್ತದೆ. ಮನೆ ಬಳಕೆಗೆ ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ. 2500ರ ಸಾದಾ ನಿಕಲ್ ಸೆಲ್‌ಗಿಂತ 2000ದ ಈ ಜಾತಿಯ ಸೆಲ್ ಮನೆಯಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

4. ಚಾರ್ಜರ್ ಆರಿಸುವುದು

ಇಲ್ಲಿ ಸ್ವಲ್ಪ ನಿಂತು ಓದಿ.

ಮನೆಯಲ್ಲಿ ನಳದ ನೀರು ಬಂದಾಗ ಕೊಡ ಹಿಡಿಯುತ್ತೀರಿ ಅಲ್ವಾ? ಕೊಡ ತುಂಬುತ್ತಾ ಬಂದ ಹಾಗೆ ಶಬ್ದ ಬದಲಾಗುತ್ತದೆ. ನೋಡದೇ ಇದ್ದರೂ ಕಿವಿಗೆ ಗೊತ್ತಾಗುತ್ತದೆ, ನಳ ಬಂದ್ ಮಾಡುತ್ತೀರಿ. ನಿಕಲ್ ಸೆಲ್ಲೂ ಹೀಗೇ ಸೂಚನೆ ಕೊಡುತ್ತದೆ. ತುಂಬುವವರೆಗೆ ಅದರ ವೋಲ್ಟೇಜ್ ನಿಧಾನ ಏರುತ್ತಾ ಹೋಗುತ್ತದೆ, ಪೂರ್ತಿ ತುಂಬಿದ ಮೇಲೆ ಒಂದು ಕೂದಲೆಳೆಯಷ್ಟು, ಅಂದರೆ ಕೆಲವೇ ಮಿಲಿವೋಲ್ಟ್, ಕೆಳಗೆ ಇಳಿಯುತ್ತದೆ. ಆ ಹೊತ್ತಿಗೆ ಒಳಗೆ ಹೋಗುವ ಕರೆಂಟೆಲ್ಲ ಶಾಖ ಆಗಲು ಶುರುವಾಗಿರುತ್ತದೆ. ಈ ಇಳಿತ ಗಮನಿಸಿ ಕರೆಂಟ್ ನಿಲ್ಲಿಸುವ ಚಾರ್ಜರ್‌ಗೆ ಸ್ಮಾರ್ಟ್ ಚಾರ್ಜರ್ ಅನ್ನುತ್ತಾರೆ. ಪೆಟ್ಟಿಗೆ ಮೇಲೆ ಮೈನಸ್ ಡೆಲ್ಟಾ ವಿ ಅಂತ ಬರೆದಿದ್ದರೆ ಇದೇ ವಿದ್ಯೆ.

ಈ ಕಿವಿ ಇಲ್ಲದ ಚಾರ್ಜರ್‌ಗಳು ಎರಡು ಥರ. ಒಂದು, ನಿಲ್ಲಿಸುವುದೇ ಇಲ್ಲ. ರಾತ್ರಿ ಹಾಕಿ ಬೆಳಗ್ಗೆ ನೀವೇ ತೆಗೆಯಬೇಕು, ಮರೆತರೆ ಸೆಲ್ ಬಿಸಿಯಾಗುತ್ತಲೇ ಇರುತ್ತದೆ. ಇನ್ನೊಂದು, ಒಳಗೆ ಗಡಿಯಾರ ಇರುತ್ತದೆ, ಇಷ್ಟು ಗಂಟೆ ಅಂತ ಎಣಿಸಿ ನಿಲ್ಲಿಸುತ್ತದೆ. ಈ ಎರಡನೆಯದು ಚಲೋ ಅನ್ನಿಸುತ್ತದೆ, ಆದರೆ ಕರೆಂಟ್ ಹೋಗಿ ಬಂದರೆ ಅದರ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನನ್ನ ನಾಲ್ಕು ಸೆಲ್ ಹೀಗೇ ಹಾಳಾದವು. ಮಳೆಗಾಲದ ಒಂದು ರಾತ್ರಿ ಮೂರು ಸಲ ಕರೆಂಟ್ ಹೋಯಿತು, ಬೆಳಗ್ಗೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ ಇದ್ದವು. ಆಮೇಲೆ ಅವು ಅರ್ಧ ಚಾರ್ಜ್ ಕೂಡ ಹಿಡಿಯಲಿಲ್ಲ.

ಎರಡನೆಯ ವಿಷಯ ಇನ್ನೂ ಮುಖ್ಯ. ಅಗ್ಗದ ಚಾರ್ಜರ್‌ಗಳು ಎರಡೆರಡು ಸೆಲ್‌ಗಳನ್ನು ಜೋಡಿ ಮಾಡಿ ಒಂದೇ ದಾರಿಯಲ್ಲಿ ಕರೆಂಟ್ ಕೊಡುತ್ತವೆ. ಒಂದು ಪೂರ್ತಿ ಖಾಲಿ, ಇನ್ನೊಂದು ಅರ್ಧ ತುಂಬಿದೆ ಅಂದುಕೊಳ್ಳಿ. ಇಬ್ಬರಿಗೂ ಒಂದೇ ಅಳತೆ ಬಡಿಸಿದರೆ ಒಂದರ ಹೊಟ್ಟೆ ತುಂಬುವ ಹೊತ್ತಿಗೆ ಇನ್ನೊಂದರ ಹೊಟ್ಟೆ ಒಡೆಯುತ್ತದೆ. ಒಳ್ಳೆಯ ಚಾರ್ಜರ್ ಪ್ರತಿ ಮನೆಯನ್ನೂ, ಅಂದರೆ ಸೆಲ್ ಕೂರುವ ಪ್ರತಿ ಜಾಗವನ್ನೂ, ಬೇರೆ ಬೇರೆಯಾಗಿ ನೋಡಿಕೊಳ್ಳುತ್ತದೆ.

ಹುಬ್ಬಳ್ಳಿಯ ದುರ್ಗದ ಬೈಲ್ ಕಡೆ ಹೋಗಿ, ಕೊಪ್ಪಿಕರ್ ರಸ್ತೆಗೆ ಹೋಗಿ, ಧಾರವಾಡದ ಸುಭಾಸ ರಸ್ತೆಗೆ ಹೋಗಿ, ಅಂಗಡಿಯಲ್ಲಿ ಹೀಗೆ ಪರೀಕ್ಷೆ ಮಾಡಿ. ಒಂದೇ ಒಂದು ಸೆಲ್ ಹಾಕಿ ನೋಡಿ. ದೀಪ ಹತ್ತಿ ಚಾರ್ಜ್ ಶುರುವಾದರೆ ಅದು ಪ್ರತಿ ಮನೆಯನ್ನೂ ಬೇರೆ ನೋಡುತ್ತದೆ. ಎರಡು ಹಾಕಿದರೆ ಮಾತ್ರ ಹತ್ತುತ್ತದೆ ಅಂದರೆ ಜೋಡಿ ಚಾರ್ಜರ್, ವಾಪಸ್ ಕೊಡಿ. ನಾಲ್ಕು ಮನೆಗೆ ನಾಲ್ಕು ದೀಪ ಇದ್ದರೆ ಅಥವಾ ಪರದೆಯಲ್ಲಿ ನಾಲ್ಕಕ್ಕೂ ಬೇರೆ ಬೇರೆ ಲೆಕ್ಕ ತೋರಿಸಿದರೆ ಒಳ್ಳೆಯ ಗುರುತು. ಆಮೇಲೆ ಚಾರ್ಜರನ್ನು ತಿರುಗಿಸಿ ಅದರ ಬೆನ್ನ ಮೇಲೆ ಬರೆದದ್ದು ಓದಿ. ಔಟ್‌ಪುಟ್ ಅಂತ ಇರುವಲ್ಲಿ ಎಎಗೆ ಎಷ್ಟು ಮಿಲಿ ಆಂಪಿಯರ್, ಎಎಎಗೆ ಎಷ್ಟು ಅಂತ ಬರೆದಿರಬೇಕು. ಏನೂ ಬರೆದಿಲ್ಲ ಅಂದರೆ ಆ ಚಾರ್ಜರ್ ಬೇಡ. ಸೀದಾ ಗೋಡೆಯ ಪ್ಲಗ್ಗಿಗೆ ಹಾಕುವ ಚಾರ್ಜರ್ ಆದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇದೆಯಾ ನೋಡಿ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇರುತ್ತದೆ.

ನನ್ನನ್ನು ಕೇಳಿದರೆ ಗೋಡೆಗೆ ಹಾಕುವುದಕ್ಕಿಂತ ಯುಎಸ್‌ಬಿ ವೈರ್‌ನಿಂದ ನಡೆಯುವ ಸ್ಮಾರ್ಟ್ ಚಾರ್ಜರ್ ವಾಸಿ. ಕರೆಂಟ್ ಇಲ್ಲದಾಗ ಪವರ್ ಬ್ಯಾಂಕ್‌ನಿಂದಲೂ ನಡೆಯುತ್ತದೆ, ಅಡಾಪ್ಟರ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. 15 ನಿಮಿಷದಲ್ಲಿ, ಅರ್ಧ ಗಂಟೆಯಲ್ಲಿ ತುಂಬುತ್ತೇನೆ ಅನ್ನುವ ಚಾರ್ಜರ್ ಬೇಡ. ಅಷ್ಟು ವೇಗಕ್ಕೆ ಸೆಲ್ ಬಹಳ ಬಿಸಿಯಾಗುತ್ತದೆ, ಬೇಗ ಮುದಿಯಾಗುತ್ತದೆ.

ಇನ್ನೊಂದು ಮಾತು ಧಾರವಾಡದವರಿಗೆ. ಹಾಡು, ಕಾರ್ಯಕ್ರಮ ಅಂತ ಮನೆಯಲ್ಲಿ ಕಾರ್ಡ್‌ಲೆಸ್ ಮೈಕ್ ಇಟ್ಟುಕೊಂಡವರು ಅಲ್ಲಿ ಬಹಳ. ಹಳೆಯ ಮೈಕ್‌ಗಳಲ್ಲಿ ಚೌಕಾಕಾರದ 9 ವೋಲ್ಟಿನ ಸೆಲ್ ಇರುತ್ತದೆ. ಅದಕ್ಕೆ ಬೇರೆ ಮನೆ ಇರುವ ಚಾರ್ಜರ್ ಬೇಕು, ಪೆನ್ಸಿಲ್ ಸೆಲ್ ಚಾರ್ಜರ್‌ನಲ್ಲಿ ಅದು ಕೂರುವುದಿಲ್ಲ. ತಗೊಳ್ಳುವ ಮೊದಲೇ ನೋಡಿಕೊಳ್ಳಿ.

5. ಜಾಗ ಮತ್ತು ಹೊತ್ತು

ನಿಕಲ್ ಸೆಲ್ ಚಾರ್ಜ್ ಮಾಡಲು ಸುತ್ತಲಿನ ಬಿಸಿ 40 ಡಿಗ್ರಿಗಿಂತ ಕೆಳಗಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಗದಗ, ಹಾವೇರಿ ಕಡೆ ಮಧ್ಯಾಹ್ನದ ಬಿಸಿಲು ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಪತ್ರಾಸಿನ, ಅಂದರೆ ತಗಡು ಹೊದಿಸಿದ, ಕೋಣೆಯಲ್ಲಂತೂ ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ಬೆಳಗಿನ ಜಾವ ಅಥವಾ ಊಟ ಆದ ಮೇಲೆ ರಾತ್ರಿ ಹಚ್ಚಿ. ಬಿಸಿಯಾದ ಸೆಲ್ ಚಾರ್ಜನ್ನು ಸರಿಯಾಗಿ ಹಿಡಿಯುವುದೂ ಇಲ್ಲ, ಚಾರ್ಜರ್‌ಗೆ ಬೇಕಾದ ಆ ಸಣ್ಣ ಇಳಿತವೂ ಮಸುಕಾಗುತ್ತದೆ.

ಚಾರ್ಜರನ್ನು ಕಲ್ಲಿನ ಕಟ್ಟೆ ಅಥವಾ ಫರಸಿಯ ಮೇಲೆ ಇಡಿ. ಹಾಸಿಗೆ, ಸೋಫಾ, ಪೇಪರ್ ರಾಶಿ, ಪರದೆ ಹತ್ತಿರ ಬೇಡ. ಮೇಲೆ ಬಟ್ಟೆ ಮುಚ್ಚಬೇಡಿ. ಮಕ್ಕಳ ಕೈಗೆ ಎಟುಕದಂತಿರಲಿ, ನಾಣ್ಯ, ಕೀಲಿಕೈ ಇರುವ ಡಬ್ಬಿಯಲ್ಲಿ ಸೆಲ್ ಹಾಕಬೇಡಿ, ಎರಡೂ ತುದಿಗೆ ಲೋಹ ತಾಗಿದರೆ ಸೆಲ್ ಕೆಂಡವಾಗುತ್ತದೆ.

ಅಡಾಪ್ಟರ್ ಬಗ್ಗೆ ಎರಡು ಮಾತು. ಲ್ಯಾಪ್‌ಟಾಪ್‌ನ ಯುಎಸ್‌ಬಿಗೆ ಹಚ್ಚಿದರೆ ಅಲ್ಲಿ ಬರುವ ಕರೆಂಟ್ ನಾಲ್ಕು ಸೆಲ್ಲಿಗೆ ಸಾಲದೇ ಹೋಗಬಹುದು, 2 ಆಂಪಿಯರ್ ಅಡಾಪ್ಟರ್ ಇರಲಿ. ಇನ್ನು ಚಾರ್ಜರ್‌ಗೆ ಟೈಪ್ ಸಿ ತೂತು ಇದೆ, ಎರಡೂ ಕಡೆ ಟೈಪ್ ಸಿ ಇರುವ ವೈರ್ ಹಾಕಿದ್ದೀರಿ, ಆದರೂ ಜೀವವೇ ಇಲ್ಲ ಅಂದರೆ ಚಾರ್ಜರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅಗ್ಗದ ಉಪಕರಣಗಳಲ್ಲಿ ಆ ತೂತಿನ ಹಿಂದೆ ಇರಬೇಕಾದ ಎರಡು ಸಣ್ಣ ರೆಸಿಸ್ಟರ್ ಹಾಕಿರುವುದಿಲ್ಲ, ಹಾಗಾಗಿ ಹೊಸ ಅಡಾಪ್ಟರ್‌ಗೆ ಎದುರಿಗೆ ಯಾರೋ ಇದ್ದಾರೆ ಅಂತ ಗೊತ್ತೇ ಆಗುವುದಿಲ್ಲ. ಒಂದು ಕಡೆ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ವೈರ್ ಹಾಕಿ, ನಡೆಯುತ್ತದೆ.

6. ಚಾರ್ಜಿಗೆ ಹಾಕುವುದು

ಮೊದಲು ಸೆಲ್ಲಿನ ಎರಡೂ ತುದಿಯನ್ನು, ಚಾರ್ಜರ್‌ನ ಸ್ಪ್ರಿಂಗ್ ಮತ್ತು ತಗಡನ್ನು ಒಣ ಬಟ್ಟೆಯಿಂದ ಒರೆಸಿ. ಮಬ್ಬು ಹಿಡಿದ ತಗಡು ಚಾರ್ಜರ್‌ಗೆ ತಪ್ಪು ಲೆಕ್ಕ ಕೊಡುತ್ತದೆ. ಆಮೇಲೆ ಪ್ಲಸ್, ಮೈನಸ್ ನೋಡಿ ಕೂರಿಸಿ. ಎಲ್ಲ ಚಾರ್ಜರ್‌ಗಳಲ್ಲೂ ಸ್ಪ್ರಿಂಗ್ ಕಡೆಯೇ ಮೈನಸ್ ಅಂತ ಹೇಳಲಾಗದು, ಬರೆದಿರುವ ಗುರುತು ನೋಡಿ. ಆಟಿಕೆಯಿಂದ ಈಗಷ್ಟೇ ತೆಗೆದ ಬಿಸಿ ಸೆಲ್ ಆದರೆ ಅರ್ಧ ಗಂಟೆ ಆರಲು ಬಿಡಿ.

ಕರೆಂಟ್ ಎಷ್ಟು ಅಂತ ಆರಿಸುವ ಬಟನ್ ಇದ್ದರೆ ಎಎಗೆ 500ರಿಂದ 1000 ಮಿಲಿ ಆಂಪಿಯರ್, ಎಎಎಗೆ 300ರಿಂದ 500. ಬೇಸಿಗೆಯಲ್ಲಿ ಕಡಿಮೆ ಕಡೆಯದು ಇಡಿ. "ನಿಧಾನ ಮಾಡಿದಷ್ಟೂ ಒಳ್ಳೆಯದು" ಅಂತ ಬಹಳ ಜನ 200ಕ್ಕೆ ಇಡುತ್ತಾರೆ. ಸ್ಮಾರ್ಟ್ ಚಾರ್ಜರ್‌ನಲ್ಲಿ ಇದು ತಿರುಗಿ ಬೀಳುತ್ತದೆ. ನಳ ಸಣ್ಣಗೆ ಬಿಟ್ಟರೆ ಕೊಡ ತುಂಬಿದ ಶಬ್ದ ಕೇಳುವುದೇ ಇಲ್ಲವಲ್ಲ, ಹಾಗೆ. ಕರೆಂಟ್ ಬಹಳ ಕಡಿಮೆ ಇದ್ದರೆ ಆ ವೋಲ್ಟೇಜ್ ಇಳಿತ ಸಿಗುವುದಿಲ್ಲ, ಚಾರ್ಜರ್ ನಿಲ್ಲಿಸುವುದಿಲ್ಲ.

ಎಷ್ಟು ಹೊತ್ತು? ಸೆಲ್ಲಿನ ಎಂಎಎಚ್ ಅನ್ನು ಚಾರ್ಜರ್‌ನ ಮಿಲಿ ಆಂಪಿಯರ್‌ನಿಂದ ಭಾಗಿಸಿ, ಅದಕ್ಕೆ ಸುಮಾರು ಐದನೇ ಒಂದು ಭಾಗ ಸೇರಿಸಿ. 2000 ಭಾಗಿಸು 500, ನಾಲ್ಕು ಗಂಟೆ. ಶಾಖವಾಗಿ ಹೋಗುವುದನ್ನು ಸೇರಿಸಿದರೆ ಐದು ಗಂಟೆ ಅಂತ ಇಟ್ಟುಕೊಳ್ಳಿ. ಎಂಟು ಗಂಟೆ ಆದರೂ ಹಸಿರು ದೀಪ ಬಂದಿಲ್ಲ ಅಂದರೆ ತೆಗೆದುಬಿಡಿ, ಏನೋ ಸರಿಯಿಲ್ಲ.

ಕೊನೆಯಲ್ಲಿ ಸೆಲ್ ಬೆಚ್ಚಗಾಗುವುದು ಸಹಜ. ಹೆದರಬೇಡಿ. ಮುಟ್ಟಿ ಹಿಡಿದುಕೊಳ್ಳಲಾರದಷ್ಟು ಬಿಸಿಯಾದರೆ ಮಾತ್ರ ಪ್ಲಗ್ ತೆಗೆಯಿರಿ, ಆರಿದ ಮೇಲೆ ಸೆಲ್ ಮುಟ್ಟಿ.

ಈಗ ಹೊಸ ಚಾರ್ಜರ್ ತಗೊಳ್ಳಲು ಆಗುವುದಿಲ್ಲ, ಹಳೆಯದೇ ಇದೆ ಅನ್ನುವವರು ಹೀಗೆ ಮಾಡಿ. ಒಂದೇ ಸಾಮಾನಿನಿಂದ ತೆಗೆದ, ಒಟ್ಟಿಗೇ ಖಾಲಿಯಾದ ಎರಡು ಸೆಲ್ಲನ್ನೇ ಚಾರ್ಜರ್‌ನ ಒಂದು ಜೋಡಿ ಮನೆಯಲ್ಲಿ ಹಾಕಿ. ಅರ್ಧ ಖಾಲಿಯಾದದ್ದನ್ನು ಹಾಕಬೇಡಿ. ಚಾರ್ಜರ್ ಬೆನ್ನ ಮೇಲೆ 200 ಮಿಲಿ ಆಂಪಿಯರ್ ಅಂತ ಬರೆದಿದ್ದರೆ 2000ದ ಖಾಲಿ ಸೆಲ್‌ಗೆ 14 ಗಂಟೆ, ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಇಂಥ ನಿಧಾನ ಚಾರ್ಜಿಗೆ ಈ ಲೆಕ್ಕದಲ್ಲಿ ಶೇಕಡಾ 40 ಜಾಸ್ತಿ ಹೊತ್ತು ಸೇರಿಸಬೇಕು, ಅದಕ್ಕೇ 14. ಒಳಗೆ ಗಡಿಯಾರ ಇರುವ ಚಾರ್ಜರ್ ಆದರೆ ಮನೆಯ ಇನ್ವರ್ಟರ್ ಲೈನ್ ಇರುವ ಪ್ಲಗ್ಗಿಗೆ ಹಾಕಿ, ಕರೆಂಟ್ ಹೋದರೂ ಲೆಕ್ಕ ತಪ್ಪುವುದಿಲ್ಲ.

ಕರೆಂಟ್ ಬಿಲ್ ಚಿಂತೆ ಬಿಡಿ. ಒಂದು ಎಎ ಸೆಲ್ ಹಿಡಿಯುವುದು ಸುಮಾರು 2.4 ವ್ಯಾಟ್ ಅವರ್. ವ್ಯರ್ಥ ಹೋಗುವುದನ್ನೂ ಸೇರಿಸಿ 5 ಅಂತ ಹಿಡಿದರೂ ಒಂದು ಯುನಿಟ್‌ನಲ್ಲಿ 200 ಸೆಲ್ ತುಂಬಬಹುದು.

7. ಜೋಡಿ ಮುರಿಯಬೇಡಿ

ನಾಲ್ಕು ಸೆಲ್ ತಂದ ದಿನವೇ ಮಾರ್ಕರ್‌ನಿಂದ ನಾಲ್ಕರ ಮೇಲೂ ಕ ಅಂತ ಬರೆದು ತಿಂಗಳು, ವರ್ಷ ಹಾಕಿ. ಮುಂದಿನ ಪ್ಯಾಕೆಟ್‌ಗೆ ಖ. ಕ ಗುಂಪಿನ ನಾಲ್ಕೂ ಒಂದೇ ಸಾಮಾನಿನಲ್ಲಿ ಹೋಗಲಿ, ಒಟ್ಟಿಗೇ ಚಾರ್ಜಿಗೆ ಬರಲಿ. ಹಳೆಯದು ಹೊಸದು ಸೇರಿಸಬೇಡಿ, ಬೇರೆ ಕಂಪನಿಯದು ಸೇರಿಸಬೇಡಿ, ನಿಕಲ್ ಮತ್ತು ಆಲ್ಕಲೈನ್ ಅಂತೂ ಸೇರಿಸಲೇಬೇಡಿ.

ಯಾಕೆ ಅಂದರೆ ಆಟಿಕೆಯಲ್ಲಿ ಸೆಲ್‌ಗಳು ಸಾಲಾಗಿ ಒಂದಕ್ಕೊಂದು ಹೆಗಲು ಕೊಟ್ಟು ನಡೆಯುತ್ತವೆ. ಬಡಕಲು ಎತ್ತನ್ನು ಗಟ್ಟಿ ಎತ್ತಿನ ಜೋಡಿ ನೊಗಕ್ಕೆ ಕಟ್ಟಿದರೆ ಏನಾಗುತ್ತದೆ ರೈತರಿಗೆ ಗೊತ್ತು. ಸೋತ ಸೆಲ್ ಮೊದಲು ಖಾಲಿಯಾಗುತ್ತದೆ, ಉಳಿದ ಮೂರು ಅದರ ಮೂಲಕವೇ ಕರೆಂಟ್ ನೂಕುತ್ತವೆ, ಪಾಪ ಅದರ ಪ್ಲಸ್ ಮೈನಸ್ಸೇ ತಿರುಗಿಬಿಡುತ್ತದೆ. ಹೀಗೆ ಒಂದೆರಡು ಸಲ ಆದರೆ ಆ ಸೆಲ್ ಮುಗಿಯಿತು. ಆಟಿಕೆ ನಿಧಾನ ಆಯಿತು, ಟಾರ್ಚ್ ಮಂಕಾಯಿತು ಅಂದ ಕೂಡಲೇ ಸೆಲ್ ತೆಗೆಯಿರಿ. ಮಕ್ಕಳು ಸ್ವಿಚ್ ಹಾಕಿ ಮರೆತು ಮಲಗುತ್ತಾರೆ, ರಾತ್ರಿ ಒಮ್ಮೆ ನೋಡುವ ರೂಢಿ ಮಾಡಿಕೊಳ್ಳಿ.

"ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು" ಅನ್ನುವುದು ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. ಈಗಿನ ನಿಕಲ್ ಸೆಲ್ಲಿಗೆ ಆ ಕಾಟ ಬಹಳ ಕಡಿಮೆ. ಸ್ಮಾರ್ಟ್ ಚಾರ್ಜರ್ ಇದ್ದರೆ ಅರ್ಧ ಇದ್ದಾಗಲೂ ಹಾಕಬಹುದು.

8. ಚಾರ್ಜರ್ ಸೆಲ್ಲನ್ನು ಒಪ್ಪದಿದ್ದರೆ

ದೀಪ ಪಟಪಟ ಮಿಟುಕಿದರೆ ಚಾರ್ಜರ್ ಬೇಡ ಅನ್ನುತ್ತಿದೆ ಅಂತ ಅರ್ಥ. ಮೊದಲು ತುದಿ ಒರೆಸಿ, ಚಾರ್ಜರ್‌ನ ಬೇರೆ ಮನೆಯಲ್ಲಿ ಹಾಕಿ ನೋಡಿ. ಆದರೂ ಇಲ್ಲ ಅಂದರೆ ಮಲ್ಟಿಮೀಟರ್ ಹಿಡಿಯಿರಿ. ತುಂಬಿದ ನಿಕಲ್ ಸೆಲ್ 1.35ರಿಂದ 1.4 ವೋಲ್ಟ್ ಸುತ್ತ ತೋರಿಸುತ್ತದೆ. 1 ವೋಲ್ಟ್‌ಗಿಂತ ಕೆಳಗಿದ್ದರೆ ಅತಿಯಾಗಿ ಖಾಲಿಯಾಗಿದೆ. ತೀರಾ ಕೆಳಗೆ ಹೋದಾಗ ಸ್ಮಾರ್ಟ್ ಚಾರ್ಜರ್‌ಗೆ ಅಲ್ಲಿ ಸೆಲ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಆಗ ನಿಮ್ಮ ಹಳೆಯ ಸಾದಾ ಚಾರ್ಜರ್ ಕೆಲಸಕ್ಕೆ ಬರುತ್ತದೆ. ಅದರಲ್ಲಿ ಐದು ಹತ್ತು ನಿಮಿಷ, ಎದುರಿಗೇ ಕೂತು, ಹಾಕಿ ತೆಗೆಯಿರಿ. ಸ್ವಲ್ಪ ವೋಲ್ಟೇಜ್ ಏರಿದ ಮೇಲೆ ಸ್ಮಾರ್ಟ್ ಚಾರ್ಜರ್ ಒಪ್ಪುತ್ತದೆ. ಇದು ನಿಕಲ್ ಸೆಲ್ಲಿಗೆ ಮಾತ್ರ. ಲಿಥಿಯಂ ಸೆಲ್ಲಿಗೆ ಇಂಥ ಪ್ರಯೋಗ ಎಂದಿಗೂ ಮಾಡಬೇಡಿ, ಬೆಂಕಿ ಹತ್ತುತ್ತದೆ.

ಬಹಳ ದಿನ ಬಳಸದೇ ಸೊರಗಿದ ಸೆಲ್ಲಿಗೆ ಕೆಲವು ಚಾರ್ಜರ್‌ಗಳಲ್ಲಿ ರಿಫ್ರೆಶ್ ಅಂತ ಒಂದು ಆಯ್ಕೆ ಇರುತ್ತದೆ. ಪೂರ್ತಿ ಖಾಲಿ ಮಾಡಿ ಮತ್ತೆ ತುಂಬುತ್ತದೆ, ಎರಡು ಮೂರು ಸಲ. ಒಂದು ದಿನಕ್ಕಿಂತ ಜಾಸ್ತಿ ಹಿಡಿಯಬಹುದು. ಕೊನೆಯಲ್ಲಿ ಎಷ್ಟು ಎಂಎಎಚ್ ಸಿಕ್ಕಿತು ಅಂತ ತೋರಿಸುತ್ತದೆ. 2000ದ ಸೆಲ್ 1000ಕ್ಕೆ ಇಳಿದಿದ್ದರೆ ನಾನು ಆಟಿಕೆಯಿಂದ ತೆಗೆದು ರಿಮೋಟ್‌ಗೆ ಹಾಕುತ್ತೇನೆ.

ಸಾದಾ ಆಲ್ಕಲೈನ್ ಸೋರಿ ಆಟಿಕೆಯೊಳಗೆ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಗೆ ಎರಡು ಹನಿ ಲಿಂಬೆ ರಸ ಹಾಕಿ ಒರೆಸಿ, ಆಮೇಲೆ ಚೆನ್ನಾಗಿ ಒಣಗಿಸಿ. ಬರಿಗೈಯಲ್ಲಿ ಮುಟ್ಟಬೇಡಿ.

9. ಹೊಲಕ್ಕೆ ಒಯ್ಯುವ ದೊಡ್ಡ ಟಾರ್ಚಿನ ಸೆಲ್

ರಾತ್ರಿ ಪಂಪ್‌ಸೆಟ್ ಚಾಲೂ ಮಾಡಲು ಹೋಗುವವರ ಟಾರ್ಚಿನಲ್ಲಿ ಈಗ ಹೆಚ್ಚಾಗಿ 18650 ಅನ್ನುವ ಲಿಥಿಯಂ ಸೆಲ್ ಇರುತ್ತದೆ, 18 ಮಿಲಿಮೀಟರ್ ದಪ್ಪ, 65 ಉದ್ದ. ಇದು 4.2 ವೋಲ್ಟ್‌ವರೆಗೆ ಚಾರ್ಜ್ ಆಗುತ್ತದೆ, ಅದರ ಮೇಲೆ ಹೋದರೆ ಅಪಾಯ. ಲಿಥಿಯಂ ಅಯಾನ್ ಅಂತ ಸ್ಪಷ್ಟವಾಗಿ ಬರೆದಿರುವ ಚಾರ್ಜರ್ ಮಾತ್ರ ಬಳಸಿ. ನಿಕಲ್, ಲಿಥಿಯಂ ಎರಡೂ ಥರದ ಸೆಲ್ ಹಾಕಬಹುದಾದ ಚಾರ್ಜರ್ ಬರುತ್ತವೆ, ತಾವೇ ಗುರುತು ಹಿಡಿಯುತ್ತವೆ ಅಂತಾರೆ. ಅವು ವೋಲ್ಟೇಜ್ ನೋಡಿ ಊಹೆ ಮಾಡುತ್ತವೆ ಅಷ್ಟೇ, ಆದ್ದರಿಂದ ಪರದೆಯಲ್ಲಿ ಏನು ತೋರಿಸಿತು ಅಂತ ಒಮ್ಮೆ ಓದಿಯೇ ಆಚೆ ಹೋಗಿ. 9900 ಎಂಎಎಚ್ ಅಂತ ಬರೆದ 18650 ಸುಳ್ಳು, ಅಸಲಿ ಸೆಲ್‌ಗಳು ಸಾಮಾನ್ಯವಾಗಿ 2000ದಿಂದ 3500ರ ಒಳಗೆ ಇರುತ್ತವೆ ಮತ್ತು 45 ಗ್ರಾಂ ಆಸುಪಾಸು ತೂಗುತ್ತವೆ. ಮೇಲಿನ ಪ್ಲಾಸ್ಟಿಕ್ ಹರಿದಿದ್ದರೆ, ಉಬ್ಬಿದ್ದರೆ, ಸಿಹಿ ವಾಸನೆ ಬಂದರೆ ಬಳಸಬೇಡಿ. ಲಿಥಿಯಂ ಚಾರ್ಜಿಗೆ ಹಚ್ಚಿ ಮನೆಗೆ ಬೀಗ ಹಾಕಿ ಹೋಗಬೇಡಿ, ಮಲಗಲೂಬೇಡಿ.

10. ಇಡುವುದು, ಬಿಸಾಡುವುದು

ತುಂಬಿದ ಸೆಲ್‌ಗಳನ್ನು ಡಬ್ಬಿಯಲ್ಲಿ, ತಂಪು ಒಣ ಜಾಗದಲ್ಲಿ ಇಡಿ. ಮಳೆಗಾಲದಲ್ಲಿ ಧಾರವಾಡದ ಥಂಡಿ ಗೋಡೆಯ ಕಪಾಟು ಬೇಡ, ತುದಿಗೆ ಮಬ್ಬು ಹಿಡಿಯುತ್ತದೆ. ಫ್ರಿಜ್ ಬೇಕಾಗಿಲ್ಲ. ಬಳಸದೇ ಇದ್ದರೂ ವರ್ಷಕ್ಕೆ ಒಂದೆರಡು ಸಲ ತೆಗೆದು ಚಾರ್ಜ್ ಮಾಡಿ. ತಿಂಗಳುಗಟ್ಟಲೆ ಮುಟ್ಟದ ಸಾಮಾನಿನಿಂದ ಸೆಲ್ ಹೊರಗೆ ತೆಗೆದಿಡಿ.

ಸತ್ತ ಸೆಲ್ಲನ್ನು ಹಸಿ ಕಸಕ್ಕೆ, ಒಣ ಕಸಕ್ಕೆ, ಒಲೆಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಸೆಲ್‌ಗಳನ್ನು ವಾಪಸ್ ಪಡೆದು ಸಂಸ್ಕರಿಸುವ ಹೊಣೆ ತಯಾರಕರದ್ದು. ಸೆಲ್ ಮೇಲೆ ಕಸದ ಬುಟ್ಟಿಗೆ ಕಾಟು ಹೊಡೆದ ಚಿತ್ರ ಇರುವುದು ಅದಕ್ಕೇ. ಮನೆಯಲ್ಲಿ ಒಂದು ಬಾಟಲಿ ಇಟ್ಟು ಅದರಲ್ಲಿ ಕೂಡಿಸಿ, ಲಿಥಿಯಂ ಆದರೆ ಎರಡೂ ತುದಿಗೆ ಟೇಪ್ ಸುತ್ತಿ. ತುಂಬಿದ ಮೇಲೆ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ, ಅಥವಾ ಕಸದ ಗಾಡಿಯವರಿಗೆ ಬೇರೆ ಚೀಲದಲ್ಲಿ ಹಾಕಿ "ಇದು ಸೆಲ್" ಅಂತ ಹೇಳಿ ಕೊಡಿ. ಕಸ ಆರಿಸುವವರು ಬರಿಗೈಯಲ್ಲೇ ಆರಿಸುತ್ತಾರೆ.